ಸುಂದರಾ ಪಾಠ

ಜೂನ್ ತಿಂಗಳು ಬಂತೆಂದರೆ ಸುಂದರಾಳ ಎರಡೂ ಕೈ ಹದಿನೈದು ದಿನ ಕರ್ರಗಿರುತ್ತಿದ್ದವು. ನಿಪ್ಪಾಣಿಯ ಸಿಸ್ಟರರ ಕಾಲೇಜಿನಲ್ಲಿ ಬಿ.ಎಡ್. ಕಡೆಯ ನಾಲ್ಕು ಖೋಲಿಗಳ ಗೋಡೆಹಲಗೆಗೆ ಕರಿ ಹಚ್ಚುವ ಕೆಲಸ ಅವಳದು. ಅಂಗಡಿಯ ಡಬ್ಬಿಯ ಬಣ್ಣ ಅವಳಿಗೆ ಸೇರುತ್ತಿರಲಿಲ್ಲ. ಹಳೇ ಬ್ಯಾಟರಿ ಸೆಲ್ಲು ಒಡೆದು ಒಳಗಿನ ಪುಡಿ ತೆಗೆಯಬೇಕು, ಇದ್ದಲಿ ನುಣ್ಣಗೆ ಅರೆಯಬೇಕು, ತೊಂಡಿ ಬಳ್ಳಿಯ ತಪ್ಪಲದ ರಸದಲ್ಲಿ ಎರಡೂ ಕಲಸಿ ಅರಿವೆಯ ಉಂಡಿಯಿಂದ ತಿಕ್ಕಬೇಕು. ಹಾಗೆ ತಿಕ್ಕಿದ ಹಲಗೆಯ ಮೇಲೆ ಸೀಮೆಸುಣ್ಣದ ಖಡು ಬೆಣ್ಣೆಯ ಹಾಗೆ ಓಡುತ್ತದೆ, ಒರೆಸಿದರೆ ಕಲೆ ಉಳಿಯುವುದಿಲ್ಲ. ಮೂವತ್ತು ವರ್ಷ ಹೀಗೇ ಮಾಡಿದಳು.

ಈ ವರ್ಷವೂ ಕರಿ ಕಲಸಿದ ಬೋಗಾಣಿ ಹಿಡಿದು ಗೇಟಿನೊಳಗೆ ಬಂದಳು. ಆಫೀಸಿನ ಕಾರಕೂನ ಈಶ್ವರ ಮೆಟ್ಟಿಲ ಮೇಲೆ ನಿಂತಿದ್ದ. ಅವಳ ಕೈ ನೋಡಿ ಅವನ ಮುಖ ಸಣ್ಣದಾಯಿತು.

"ಸುಂದರಾಬಾಯಿ, ಈ ವರ್ಷ ಬ್ಯಾಡ್ರಿ," ಅಂದ.

ಕಾರಣ ಅವನೇ ಹೇಳಿದ. ಬಿ.ಎಡ್. ಬಂದ್ ಆಯಿತು. ಒಂದು ವರ್ಷದ ಓದು ಎರಡು ವರ್ಷದ್ದಾದಾಗಿನಿಂದ ಹುಡುಗಿಯರು ಕಡಿಮೆಯಾಗುತ್ತ ಬಂದರು. ಐವತ್ತು ಜಾಗಕ್ಕೆ ಹೋದ ಸಲ ಹದಿನೇಳು ಮಂದಿ, ಈ ಸಲ ಅರ್ಜಿ ಹಾಕಿದವರು ನಾಲ್ಕೇ ಮಂದಿ. ಈಗಿನ ದೊಡ್ಡ ಸಿಸ್ಟರರು ಮೇಲಿನವರಿಗೆಲ್ಲ ಬರೆದು ನೋಡಿದರು, ಆಗಲಿಲ್ಲ. ಆ ನಾಲ್ಕು ಖೋಲಿಗಳನ್ನು ಸಣ್ಣ ಮಕ್ಕಳ ಇಂಗ್ಲಿಷ್ ಸಾಲೆಗೆ ಕೊಡುತ್ತಾರೆ, ಗೋಡೆಗೆ ಪೆನ್ನಿನಲ್ಲಿ ಬರೆಯುವ ಬಿಳೀ ಫಳಿ ಜಡಿಯುತ್ತಾರೆ.

ಸುಂದರಾ ಬೋಗಾಣಿ ಕೆಳಗಿಟ್ಟಳು. "ಕಪಾಟದಾಗಿನ ಪುಸ್ತಕ?"

"ಪಾಠದ ವಹಿ ಏನ್ರಿ? ಶನಿವಾರ ರದ್ದಿಯಂವ ಬರ್ತಾನ."

ಕೆಲಸ ಹೋದದ್ದಕ್ಕೆ ಅವಳು ಅಷ್ಟು ಅಂಜಲಿಲ್ಲ. ಅರವತ್ತು ದಾಟಿತ್ತು, ಹೇಗಿದ್ದರೂ ಒಂದು ದಿನ ಹೋಗುವುದೇ. ಆದರೆ ಆ ಕಪಾಟುಗಳಲ್ಲಿ ಎಲ್ಲೋ ಒಂದು ಕಡೆ ಅವಳ ಮಗಳು ಪ್ರಾಜಕ್ತಾಳ ವಹಿ ಇತ್ತು. ಹದಿನೆಂಟು ವರ್ಷದ ಹಿಂದೆ ಇದೇ ಖೋಲಿಯಲ್ಲಿ ಪ್ರಾಜಕ್ತಾ ಒಂದು ಪಾಠ ಹೇಳಿದಳು, ಸುಂದರಾ ಮುಂದಿನ ಬಾಕಿನ ಮೇಲೆ ಕೂತು ಕೇಳಿದಳು. ಅಂದಿನಿಂದ ಮಗಳು ಅವ್ವನ ಮುಂದೆ ಬಾಯಿ ಬಿಚ್ಚಿ ಒಂದು ಮಾತು ಆಡಿಲ್ಲ. ಜಗಳವಾಡಲಿಲ್ಲ, ಬೈಯಲಿಲ್ಲ. ಕೇಳಿದ್ದಕ್ಕೆ ಹೂಂ, ಕೊಟ್ಟಿದ್ದಕ್ಕೆ ಹಾಂ. ಏನು ತಪ್ಪಾಯಿತು ಅನ್ನುವುದು ಸುಂದರಾಳಿಗೆ ಅರ್ಧ ಗೊತ್ತಿತ್ತು, ಇನ್ನರ್ಧ ಗೊತ್ತಿರಲಿಲ್ಲ. ಆ ಇನ್ನರ್ಧ ಆ ವಹಿಯಲ್ಲಿರಬೇಕು ಅಂತ ಅವಳ ಮನಸ್ಸು ಹೇಳುತ್ತಿತ್ತು. ಕಪಾಟು ಅಲ್ಲೇ ಇತ್ತು, ಕೀಲಿ ಅಲ್ಲೇ ಇತ್ತು, ಆದರೂ ಇಷ್ಟು ವರ್ಷ ತೆರೆಯುವ ಧೈರ್ಯ ಆಗಿರಲಿಲ್ಲ. ಈಗ ಶನಿವಾರಕ್ಕೆ ನಾಲ್ಕೇ ದಿನ ಉಳಿದಿದ್ದವು.

ಸುಂದರಾ ಈ ಕಾಲೇಜಿಗೆ ಬಂದದ್ದು ಕಾಲೇಜೇ ಇಲ್ಲದಾಗ. ಕಾಗಲದ ಹತ್ತಿರದ ಒಂದು ಹಳ್ಳಿ ಅವಳ ತವರು. ಮರಾಠಿ ಮಾತಾಡುವ ಮನೆ, ಕೂಲಿ ಮಾಡುವ ಮಂದಿ. ನಿಪ್ಪಾಣಿಯ ತಂಬಾಕಿನ ವಖಾರಿಯಲ್ಲಿ ಚೀಲ ಹೊರುವ ಸತ್ತೆಪ್ಪನಿಗೆ ಕೊಟ್ಟರು. ಮದುವೆಯಾದ ಎಂಟನೇ ದಿನಕ್ಕೆ ಅವಳೂ ವಖಾರಿಯಲ್ಲಿ ತಂಬಾಕು ಜಾಲಿಸುತ್ತ ಕೂತಳು. ಮೂಗಿಗೆ ಸೀರೆಯ ಸೆರಗು, ಕಣ್ಣಿಗೆ ಏನೂ ಇಲ್ಲ. ಸಂಜೆಗೆ ಕಣ್ಣು ಕೆಂಡ.

ಎಂಬತ್ತಮೂರರಲ್ಲಿ ಮೂವರು ಸಿಸ್ಟರರು ಬಂದು ಚಿಕ್ಕೋಡಿ ರಸ್ತೆಗೆ ಮುಚ್ಚಿ ಬಿದ್ದಿದ್ದ ಒಂದು ಹಳೇ ವಖಾರಿಯನ್ನು ಬಾಡಿಗೆಗೆ ಹಿಡಿದರು. ಅವರಲ್ಲಿ ಹಿರಿಯಾಕೆ ಸಿಸ್ಟರ್ ಕ್ಲೆಮೆಂತಿನಾ, ಮಂಗಳೂರಿನ ಕಡೆಯವರು. ಪುಸ್ತಕದಲ್ಲಿದ್ದ ಹಾಗೆ ಕನ್ನಡ ಮಾತಾಡುವರು. ಊರವರ ಬಾಯಿಗೆ ಆ ಹೆಸರು ಹೊರಳಲಿಲ್ಲ, ಸಿಸ್ಟರಬಾಯಿ ಅಂದರು. ವಖಾರಿ ತೊಳೆಯಲು ಸುಂದರಾಳನ್ನು ಕರೆದರು. ಬಿಳೀ ಸೀರೆ, ಹಣೆಯಲ್ಲಿ ಕುಂಕುಮ ಇಲ್ಲ, ಕೈಯಲ್ಲಿ ಬಳೆ ಇಲ್ಲ. ಸುಂದರಾ ಎರಡು ದಿನ ಸುಮ್ಮನಿದ್ದಳು, ಮೂರನೇ ದಿನ ತಡೆಯಲಾರದೆ ಕೇಳಿಯೇಬಿಟ್ಟಳು. ಮೂವರಿಗೂ ಒಮ್ಮೆಲೇ ಗಂಡಂದಿರು ತೀರಿಕೊಂಡರೇನು ಅಂತ. ಸಿಸ್ಟರಬಾಯಿ ಕಸಬರಿಗೆ ಕೆಳಗಿಟ್ಟು ನಕ್ಕರು. ಆಮೇಲೆ ಆಕೆಗೆ ಸುಂದರಾ ಅಂದರೆ ಬಹಳ ಜೀವ.

ಮೂರು ತಿಂಗಳು ತೊಳೆದರು, ಐದು ಸಲ ಸುಣ್ಣ ಹೊಡೆದರು. ತಂಬಾಕಿನ ಘಾಟು ಮಾತ್ರ ಗೋಡೆ ಬಿಡಲಿಲ್ಲ. ಅಲ್ಲೇ ತೆರೆದ ಸಣ್ಣ ಸಾಲೆಯ ಮೊದಲ ವರ್ಷದ ಮಕ್ಕಳು ಪ್ರಾರ್ಥನೆಗೆ ಕೈ ಮುಗಿದು ನಿಂತರೆ ಒಂದು ಸಾಲಿಗೆ ನಾಲ್ಕು ಸೀನು. ಹೊರಗಿನಿಂದ ಬಂದ ಮಾಸ್ತರಿಣಿಯರು ನಿಲ್ಲಲಿಲ್ಲ. ಒಬ್ಬಾಕೆ ಎಂಟೇ ದಿನಕ್ಕೆ ಟ್ರಂಕು ಎತ್ತಿಕೊಂಡು ಹೋದಳು. ಆ ದಿನ ಸಿಸ್ಟರಬಾಯಿ ಮೆಟ್ಟಿಲ ಮೇಲೆ ಕೂತು ಒಂದು ಮಾತು ಹೇಳಿದರು: ಈ ಊರಿನ ಗಡಿಗೆಯನ್ನು ಈ ಊರಿನ ಮಣ್ಣಿನಿಂದಲೇ ಮಾಡಬೇಕು. ಹಾಗೆ ಮೊದಲು ಹುಡುಗಿಯರ ಹೈಸ್ಕೂಲು ಎದ್ದಿತು, ಆ ಹುಡುಗಿಯರು ಪಾಸಾಗಿ ಹೊರಬಿದ್ದಂತೆ ಬಿ.ಎ. ಕಾಲೇಜು ಎದ್ದಿತು, ಅವರೇ ಬಿ.ಎ. ಮುಗಿಸಿದಾಗ ತೊಂಬತ್ನಾಲ್ಕರಲ್ಲಿ ಬಿ.ಎಡ್. ಬಂತು. ಕಲ್ಲು ಹೊತ್ತವರಲ್ಲಿ ಸುಂದರಾ ಇದ್ದಳು, ನೀರು ಹೊಡೆದವರಲ್ಲಿ ಇದ್ದಳು, ಕಟ್ಟಡ ಮುಗಿದ ಮೇಲೆ ಕಸ ಹೊಡೆಯಲು ಅಲ್ಲೇ ಉಳಿದಳು.

ಬಿ.ಎಡ್. ಹುಡುಗಿಯರು ಖರೇ ಸಾಲೆಗೆ ಹೋಗಿ ಪಾಠ ಹೇಳುವ ಮೊದಲು ತಮ್ಮ ತಮ್ಮಲ್ಲೇ ಹೇಳಿ ರೂಢಿ ಮಾಡಿಕೊಳ್ಳಬೇಕು. ಒಬ್ಬಾಕೆ ಮಾಸ್ತರಿಣಿ, ಉಳಿದವರು ಮಕ್ಕಳ ಹಾಗೆ ಕೂಡುವುದು. ಮೊದಲ ವರ್ಷ ಸಿಸ್ಟರಬಾಯಿ ಹಿಂದೆ ನಿಂತು ನೋಡಿದರು. ಎಲ್ಲರೂ ಬಿ.ಎ. ಓದಿದವರು, ಎಲ್ಲರಿಗೂ ಎಲ್ಲ ಗೊತ್ತು. ಎಂಥ ಹಾಳು ಪಾಠ ಹೇಳಿದರೂ ತಲೆ ಆಡಿಸುತ್ತಾರೆ. ಇವತ್ತು ನೀ ನನಗೆ ಆಡಿಸು, ನಾಳೆ ನಾ ನಿನಗೆ ಆಡಿಸುತ್ತೇನೆ. ಸಿಸ್ಟರಬಾಯಿ ಸಿಟ್ಟಿಗೆದ್ದು ಹೊರಗೆ ಬಂದರು. ಪಡಸಾಲೆ ಒರೆಸುತ್ತಿದ್ದ ಸುಂದರಾಳ ರಟ್ಟೆ ಹಿಡಿದು ಒಳಗೆ ಕರೆದೊಯ್ದು ಮುಂದಿನ ಬಾಕಿನ ಮೇಲೆ ಕೂಡಿಸಿದರು. ಇವಳಿಗೆ ತಿಳಿಯುವ ಹಾಗೆ ಹೇಳಿರಿ, ಇವಳಿಗೆ ತಿಳಿದರೆ ಊರಿಗೆ ತಿಳಿದಂತೆ ಅಂದರು. ಸುಂದರಾಳಿಗೆ ಬೇರೆ ಹೇಳಿದರು: ತಿಳಿಯದಿದ್ದರೆ ಕೈ ಎತ್ತು. ತಿಳಿಯದೆ ತಿಳಿಯಿತು ಅಂದೆಯೋ, ಮುಂದೆ ಈ ಹುಡುಗಿಯ ಕೈಕೆಳಗೆ ನೂರು ಮಕ್ಕಳು ತಿಳಿಯದೆ ಕೂಡುತ್ತವೆ, ಆ ಪಾಪ ನಿನ್ನದು.

ಒದ್ದೆ ಸೀರೆಯಲ್ಲೇ ಕೂತಿದ್ದಳು. ಎದುರಿನ ಹುಡುಗಿ ಗಿಡದ ಎಲೆ ಬಿಸಿಲಿನಲ್ಲಿ ತನ್ನ ಅಡಿಗೆ ತಾನೇ ಮಾಡಿಕೊಳ್ಳುತ್ತದೆ ಅಂತ ಹೇಳಿದಳು. ಸುಂದರಾ ಅಂಜುತ್ತಂಜುತ್ತ ಕೈ ಎತ್ತಿದಳು. "ಸಮಜಲಂ ನಾಹಿ ಬಾಯಿ, ತಿಳೀಲಿಲ್ಲ. ಅಡಗಿ ಮಾಡಿದ್ರ ಹೊಗಿ ಯಾಕಡೆ ಹೋಕ್ಕೈತಿ?"

ಖೋಲಿಯೆಲ್ಲ ಗೊಳ್ಳೆಂದಿತು. ಸಿಸ್ಟರಬಾಯಿ ನಗಲಿಲ್ಲ. ಉತ್ತರ ಹೇಳು ಅಂದರು. ಆ ಹುಡುಗಿ ಆ ರಾತ್ರಿಯೆಲ್ಲ ಪುಸ್ತಕ ಹುಡುಕಿ, ಮರುದಿನ ಎಲೆಯ ಹೊಗೆ ಅಂದರೆ ನಾವು ಉಸಿರಾಡುವ ಗಾಳಿಯೇ ಅಂತ ಹೇಳಿದಳು. ಸುಂದರಾ ಬಹಳ ಹೊತ್ತು ಕಿಟಕಿಯ ಹೊರಗಿನ ಬೇವಿನ ಗಿಡ ನೋಡುತ್ತ ಕೂತಳು.

ಅಂದಿನಿಂದ ಅದಕ್ಕೆ ಸುಂದರಾ ಪಾಠ ಅಂತ ಹೆಸರು ಬಿತ್ತು. ಸುಂದರಾ ಪಾಠ ದಾಟದೆ ಯಾವ ಹುಡುಗಿಯೂ ಸಾಲೆಗೆ ಹೋಗುವಂತಿಲ್ಲ. ಅಥಣಿಯವರು, ರಾಯಬಾಗದವರು, ಕರೋಶಿಯವರು, ಹಾರೂಗೇರಿಯವರು, ಎಲ್ಲರೂ ಅವಳ ಕೈ ನೋಡಿ ನಡುಗಿದವರೇ. ಮುಂಜಾನೆ ಅವಳಿಗೆ ಚಹಾ ತಂದು ಕೊಡುವವರು, ಮಲ್ಲಿಗೆ ಮಾಲೆ ಮುಡಿಸುವವರು. "ಸುಂದರಾಮಾವಶಿ, ಇವತ್ತ ಕೈ ತಣ್ಣಗಿರ್ಲಿ," ಅಂತ ಕಿವಿಯಲ್ಲಿ ಹೇಳುವವರು. ಅವಳು ಚಹಾ ಕುಡಿಯುತ್ತಿದ್ದಳು, ಹೂ ಮುಡಿಯುತ್ತಿದ್ದಳು, ತಿಳಿಯದಿದ್ದರೆ ಕೈ ಎತ್ತುತ್ತಿದ್ದಳು. ಒಂದೊಂದು ಪಾಠ ಇಪ್ಪತ್ತು ನಿಮಿಷ. ಗಂಟೆ ಬಾರಿಸಿದರೆ ಹುಡುಗಿ ಇಳಿಯುವಳು, ಇನ್ನೊಬ್ಬಾಕೆ ಏರುವಳು. ಪಾಣಿಪತದ ಮೊದಲ ಯುದ್ಧ ಸುಂದರಾಳಿಗೆ ಗೊತ್ತು, ಆಮೇಲೆ ಗೆದ್ದವನ ಗತಿ ಏನಾಯಿತು ಗೊತ್ತಿಲ್ಲ. ಅಕ್ಷರ ಕಲಿಸಲು ಸಿಸ್ಟರಬಾಯಿ ಹೆಣಗಿದ್ದರು. ತನ್ನ ಹೆಸರು, ಬಸ್ಸಿನ ಬೋರ್ಡು, ಅವ್ವ, ಅಪ್ಪ, ಅಷ್ಟಕ್ಕೆ ನಿಂತಿತ್ತು.

ಪ್ರಾಜಕ್ತಾ ಬೆಳೆದದ್ದೇ ಆ ಪಡಸಾಲೆಯಲ್ಲಿ. ಅವ್ವ ಕಸ ಹೊಡೆಯುವಾಗ ಹಿಂದೆ ಹಿಂದೆ ತಿರುಗಿದ ಕೂಸು ಅಲ್ಲೇ ಹೈಸ್ಕೂಲು, ಅಲ್ಲೇ ಬಿ.ಎ. ಮುಗಿಸಿ ಎರಡು ಸಾವಿರದ ಆರರಲ್ಲಿ ಬಿ.ಎಡ್.ಗೆ ಕೂತಳು. ಹೆಸರು ಹಚ್ಚಿದ ದಿನ ಸತ್ತೆಪ್ಪ ವಖಾರಿಯವರಿಗೆಲ್ಲ ಪೇಢೆ ಹಂಚಿದ. ಅವಳ ಸುಂದರಾ ಪಾಠದ ಸರದಿ ಬರುವ ಮೂರು ವಾರ ಮೊದಲಿನಿಂದ ಮನೆಯಲ್ಲಿ ಏನೋ ನಡೆದಿತ್ತು. ತಂಬಾಕಿನ ಹಳೇ ಗೋಣಿತಟ್ಟು ಬಿಚ್ಚಿ, ತೊಳೆದು, ಅದರ ಮೇಲೆ ಉಣ್ಣೆಯ ದಾರ ಹೊಲಿಯುತ್ತಿದ್ದಳು. ಅವ್ವ ಬಂದರೆ ಸುತ್ತಿ ಹಿಂದೆ ಇಡುವಳು. ನನಗೂ ತೋರಿಸಬಾರದೇನು ಅಂದರೆ ಅಂದು ನೋಡಿದರಾಯಿತು ಅಂತ ನಗುವಳು. ಆ ನಗು ಸುಂದರಾಳಿಗೆ ಇನ್ನೂ ಕಣ್ಣಿಗೆ ಕಟ್ಟಿದೆ. ಮೇಲಿನ ಹಲ್ಲಿಗೆ ದಾರ ಕಚ್ಚಿಕೊಂಡು ನಗುತ್ತಿದ್ದಳು.

ಸರದಿಗೆ ಎರಡು ದಿನ ಮೊದಲು ಉಗಾರ ಬುದ್ರುಕದ ಸನ್ಮತಿಯ ಪಾಠ ಇತ್ತು. ಕಬ್ಬು, ದ್ರಾಕ್ಷಿ ಇದ್ದ ದೊಡ್ಡ ಮನೆಯ ಹುಡುಗಿ, ಮಾತಿನಲ್ಲಿ ಚುರುಕು. ಗ್ರಹಣದ ಪಾಠ ಹೇಳಿದಳು. ಸುಂದರಾ ಮೂರು ಸಲ ಕೈ ಎತ್ತಿದಳು. ಮೂರನೇ ಸಲಕ್ಕೆ ಸನ್ಮತಿಗೆ ಉತ್ತರ ಹೊಳೆಯದೆ ಚಂದ್ರನ ಚೆಂಡು ಕೈಯಿಂದ ಜಾರಿ ಬಿತ್ತು. ನೀರಿನ ಟಾಕಿಯ ಹಿಂದೆ ನಿಂತು ಅತ್ತಳು. ಅವಳು ಬಿಕ್ಕುವುದನ್ನು ಸುಂದರಾ ಕೇಳಿದಳು. ಆ ಬಿಕ್ಕು ಕಿವಿಯಲ್ಲಿ ಹಾಗೇ ಕೂತಿತು. ಎರಡು ದಿನ ರೊಟ್ಟಿ ತಟ್ಟುವಾಗಲೂ ಅದೇ ಕೇಳಿಸಿತು.

ಪ್ರಾಜಕ್ತಾಳ ದಿನ ಬಂತು. ಹೊರಗಿನ ಪರೀಕ್ಷಕರೊಬ್ಬರು ಬಂದು ಹಿಂದಿನ ಬಾಕಿನ ಮೇಲೆ ಕೂತಿದ್ದರು. ಪ್ರಾಜಕ್ತಾ ಮಡಿಕೆ ಮುರಿಯದ ಬೂದು ಬಣ್ಣದ ಸೀರೆ ಉಟ್ಟು ಬಂದು ತಟ್ಟು ಬಿಚ್ಚಿ ಹಲಗೆಯ ಮೇಲೆ ತೂಗುಹಾಕಿದಳು. ನಕ್ಷೆ! ಕೃಷ್ಣಾ ನದಿಗೆ ನೀಲಿ ಉಣ್ಣೆ, ರಸ್ತೆಗೆ ಹಳದಿ, ಊರಿಗೊಂದು ಅಂಗಿಯ ಗುಂಡಿ. ನಿಪ್ಪಾಣಿಗೆ ಬಿಳೀ ಗುಂಡಿ, ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡ ಎಲ್ಲಕ್ಕೂ ಒಂದೊಂದು. ಬದಿಯಲ್ಲಿ ಒಂದು ಕೆಂಪು ದಾರ, ಹಾವಿನ ಹಾಗೆ ಡೊಂಕು. ಅದು ನಮ್ಮ ರಾಜ್ಯದ ಗಡಿ, ಆಚೆ ಮಹಾರಾಷ್ಟ್ರ ಅಂತ ಕೋಲು ಇಟ್ಟು ಹೇಳಿದಳು. ಆಚೆ ಇನ್ನೊಂದು ಗುಂಡಿ ಇತ್ತು, ಅದು ಕಾಗಲ.

ಸುಂದರಾ ಮುಂದಕ್ಕೆ ಬಾಗಿದಳು. ಕಾಗಲದ ಹಾದಿ ಅವಳು ತುಳಿದದ್ದು ಎಷ್ಟು ಸಲ. ಬಾಣಂತನಕ್ಕೆ ಹೋದಳು, ನಾಗರ ಪಂಚಮಿಗೆ ಹೋದಳು, ಅವ್ವ ಸತ್ತಾಗ ಲಾರಿಯಲ್ಲಿ ನಿಂತು ಹೋದಳು. ಎಲ್ಲೂ ಒಂದು ಕೆಂಪು ಗೆರೆ ಕಂಡಿರಲಿಲ್ಲ. ಈ ಬದಿಯ ಹೊಲ, ಆ ಬದಿಯ ಹೊಲ, ಅದೇ ತಂಬಾಕು, ಅದೇ ಮಣ್ಣು. ಹಾಗಾದರೆ ತಾನು ಆ ಗೆರೆ ಎಲ್ಲಿ ದಾಟುತ್ತೇನೆ? ಕೈ ತಾನೇ ಮಡಿಲಿನಿಂದ ಎದ್ದಿತು.

ಆಗ ಮಗಳ ಕೋಲಿನ ತುದಿ ಗುಂಡಿಯಿಂದ ಜಾರಿದ್ದು ಕಂಡಿತು. ಹಿಂದೆ ಪರೀಕ್ಷಕರ ಪೆನ್ನಿನ ಸಪ್ಪಳ ಕೇಳಿಸಿತು. ಟಾಕಿಯ ಹಿಂದಿನ ಬಿಕ್ಕು ನೆನಪಾಯಿತು. ಎದ್ದ ಕೈಯಿಂದ ಸುಂದರಾ ಸೆರಗು ಸರಿಮಾಡಿಕೊಂಡಳು, ಮತ್ತೆ ಮಡಿಲಲ್ಲಿಟ್ಟಳು.

ಯಾರಿಗಾದರೂ ಏನಾದರೂ ಕೇಳುವುದಿದೆಯೇ ಅಂತ ಪ್ರಾಜಕ್ತಾ ಕೇಳಿದಳು. ಖೋಲಿಯಲ್ಲಿ ಮೂವತ್ತು ಮಂದಿ ಇದ್ದರು, ಅವಳ ಕಣ್ಣು ಅವ್ವನ ಮೇಲೆ ಮಾತ್ರ. ಸ್ವಲ್ಪ ತಡೆದು ಎರಡನೇ ಸಲ ಕೇಳಿದಳು. ಎಡಗೈ ಮುಷ್ಟಿ ಬಿಗಿಯಾಗಿತ್ತು. ಸುಂದರಾ ಅಲುಗಲಿಲ್ಲ. ಸಿಸ್ಟರಬಾಯಿ ಗೋಡೆಯ ಹತ್ತಿರದಿಂದ, "ಸುಂದರಾ, ತಿಳಿಯಿತೇ?" ಅಂದರು.

"ತಿಳೀತ್ರಿ," ಅಂದಳು.

ಪ್ರಾಜಕ್ತಾ ಬಹಳ ಹೊತ್ತು ಹಾಗೇ ನಿಂತಳು. ಮುಂದಿನ ಮಾತು ಮರೆತವರ ಹಾಗೆ ಅಲ್ಲ, ಮುಂದಿನ ಮಾತೇ ಇಲ್ಲದವರ ಹಾಗೆ. ಏಳು ನಿಮಿಷ ಮೊದಲೇ ಪಾಠ ಮುಗಿಯಿತು. ಹೋಗುವಾಗ ಮುಷ್ಟಿ ಬಿಚ್ಚಿ ಏನೋ ಟೇಬಲ್ಲಿನ ಮೇಲಿಟ್ಟಳು. ಆಮೇಲೆ ಹಲಗೆ ಒರೆಸಲು ಹೋದ ಸುಂದರಾ ನೋಡಿದಳು. ಒಂದು ಹೊಸ ಖಡು, ಒಂದು ಗೆರೆಯನ್ನೂ ಎಳೆದಿರಲಿಲ್ಲ, ಕೈಬೆವರಿಗೆ ಮೆತ್ತಗಾಗಿತ್ತು. ಎತ್ತಿ ಡಬ್ಬಿಗೆ ಹಾಕಿದಳು.

ಪರೀಕ್ಷಕರು ಪಾಸು ಮಾಡಿದರು, ಆದರೆ ವಿದ್ಯಾರ್ಥಿಗಳನ್ನು ಪಾಠದೊಳಗೆ ಎಳೆದುಕೊಳ್ಳಲು ಬರುವುದಿಲ್ಲ ಅಂತ ಬರೆದರು. ಪಡಸಾಲೆಯಲ್ಲಿ ಸನ್ಮತಿ ಎಲ್ಲರಿಗೂ ಕೇಳುವ ಹಾಗೆ, "ನಮಗ ಮೂರ ಕೈ, ಮಗಳಿಗೆ ಮಾಫಿ. ಅವ್ವನ ಪಾಸು ಇದ್ದವರಿಗೆ ತಿಕೀಟ ಯಾಕ ಬೇಕ ಬೇ," ಅಂದಳು. ಪ್ರಾಜಕ್ತಾ ಕೇಳಿಸಿಕೊಂಡು ಮುಂದೆ ನಡೆದಳು. ಸಿಸ್ಟರಬಾಯಿ ಸಂಜೆ ಸುಂದರಾಳ ಹತ್ತಿರ ಬಂದು, ಇವತ್ತು ನಿನ್ನ ಕೈ ನೋಯುತ್ತಿತ್ತೇನು ಅಂತ ಕೇಳಿದರು, ಉತ್ತರಕ್ಕೆ ನಿಲ್ಲದೆ ಹೋದರು. ಮನೆಯಲ್ಲಿ ಮಗಳು ಉಂಡಳು, ತಾಟು ತೊಳೆದಳು, ನಕ್ಷೆಯನ್ನು ಅಟ್ಟದ ಮೇಲೆ ಎಸೆದಳು. ಪಾಠ ಚಲೋ ಆತಲ್ಲ ಅಂದದ್ದಕ್ಕೆ ಹೂಂ ಅಂದಳು. ಮೊದಲ ಹೂಂ ಅದೇ. ಆಮೇಲೆ ಅಟ್ಟದ ನಕ್ಷೆಯನ್ನು ಇಲಿ ತಿಂದವು.

ಮರುವರ್ಷ ಕಾಗವಾಡದ ಸಂಭಾಜಿಗೆ ಕೊಟ್ಟು ಮದುವೆ ಮಾಡಿದರು. ಅಲ್ಲಿ ಒಂದು ಖಾಸಗಿ ಸಾಲೆಯಲ್ಲಿ ಹನ್ನೊಂದು ವರ್ಷ ಕಲಿಸಿದಳು. ಸರಕಾರಿ ನೌಕರಿಯ ಅರ್ಹತಾ ಪರೀಕ್ಷೆಗೆ ಎರಡು ಸಲ ಕೂತಳು, ಎರಡು ಸಲವೂ ಸ್ವಲ್ಪಕ್ಕೆ ತಪ್ಪಿತು. ಕರೋನಾ ಬಂದಾಗ ಸಾಲೆ ಮುಚ್ಚಿತು, ಮತ್ತೆ ತೆರೆಯಲಿಲ್ಲ. ಈಗ ಬೇದಾಣಿ ಶೆಡ್ಡಿನಲ್ಲಿ ಒಣದ್ರಾಕ್ಷಿ ಆರಿಸಲು ಹೋಗುತ್ತಾಳೆ. ಸತ್ತೆಪ್ಪ ಎದೆಯಲ್ಲಿ ತಂಬಾಕಿನ ಧೂಳು ಕಟ್ಟಿ, ಕೆಮ್ಮಿ ಕೆಮ್ಮಿ ತೀರಿಕೊಂಡ. ಕಡೆಯ ದಿನಗಳಲ್ಲಿ, "ಒಮ್ಮೆ ಕೇಳ ಆಕಿನ್ನ. ಕೇಳಿದ್ರ ಏನ ಹೋಗತೈತಿ," ಅಂತಿದ್ದ. ಸಿಸ್ಟರಬಾಯಿಯೂ ಮಣ್ಣಾದರು. ಸುಂದರಾ ಕೇಳಲೇ ಇಲ್ಲ. ಊರಿಗೆಲ್ಲ ಕೈ ಎತ್ತಿದವಳಿಗೆ ಹೆತ್ತ ಮಗಳ ಮುಂದೆ ಬಾಯಿ ಏಳಲಿಲ್ಲ.

ಶುಕ್ರವಾರ ಮುಂಜಾನೆ ಸುಂದರಾ ಕಪಾಟಿನ ಖೋಲಿಗೆ ಹೋದಳು. ಕೀಲಿ ತಂದವಳು ಸನ್ಮತಿ. ಅದೇ ಸನ್ಮತಿ, ಈಗ ಇಲ್ಲಿಯೇ ಪಾಠ ಹೇಳುವ ಮೇಡಂ, ತಲೆಯಲ್ಲಿ ಬಿಳೀ ಕೂದಲು. ಅವಳಿಗೂ ಇದೇ ತಿಂಗಳು ಕಡೆ. ಇಬ್ಬರೂ ನೆಲದ ಮೇಲೆ ಕೂತು ಕಟ್ಟು ಬಿಚ್ಚಿದರು. ಧೂಳಿಗೆ ಸನ್ಮತಿ ಸೀನಿದಳು. ಸುಂದರಾಳಿಗೆ ಹುಡುಕುವುದು ಕಷ್ಟವಾಗಲಿಲ್ಲ. ಮಗಳು ವಹಿಗೆ ಹಾಕಿದ ಹೊದಿಕೆ ಬೀಡಿ ಕಂಪನಿಯ ಹಳೇ ಕ್ಯಾಲೆಂಡರು, ಅದರಲ್ಲಿ ನವಿಲಿನ ಚಿತ್ರ. ಮಧ್ಯಾಹ್ನದ ಹೊತ್ತಿಗೆ ನವಿಲು ಸಿಕ್ಕಿತು. ಕೊರಳ ಬಣ್ಣ ಹೋಗಿತ್ತು.

ಪಾಠದ ವಹಿಯಲ್ಲಿ ಗೆರೆ ಹಾಕಿ ಭಾಗ ಮಾಡಿರುತ್ತಾರೆ. ಒಂದು ಕಡೆ ಶಿಕ್ಷಕಿ ಏನು ಮಾಡುತ್ತಾಳೆ, ಇನ್ನೊಂದು ಕಡೆ ಮಕ್ಕಳು ಏನು ಮಾಡುತ್ತಾರೆ, ಏನು ಕೇಳಬಹುದು. ಮೊದಲೇ ಊಹಿಸಿ ಬರೆದುಕೊಳ್ಳಬೇಕು. ಎಲ್ಲ ಹುಡುಗಿಯರೂ ಆ ಜಾಗದಲ್ಲಿ ವಿದ್ಯಾರ್ಥಿಗಳು ಅಂತ ಬರೆಯುತ್ತಾರೆ. ಉದ್ದದ ಶಬ್ದ, ಸುಂದರಾಳಿಗೆ ಓದಲು ಬಾರದ್ದು. ನಕ್ಷೆಯ ಪಾಠದ ಹಾಳೆ ತೆರೆದಾಗ ಆ ಜಾಗದಲ್ಲಿ ಎರಡೇ ಅಕ್ಷರ ಇದ್ದವು. ಅವಳಿಗೆ ಓದಲು ಬರುವಂಥವು. ಬೆರಳಿಟ್ಟು ಓದಿದಳು. ಅವ್ವ. ಕೆಳಗೆ ಮತ್ತೆ, ಅವ್ವ.

"ಇದೇನ ಬರದಾಳ ನೋಡ ತಂಗಿ," ಅಂತ ವಹಿಯನ್ನು ಸನ್ಮತಿಯ ಮಡಿಲಲ್ಲಿಟ್ಟಳು.

ಸನ್ಮತಿ ಚಷ್ಮಾ ಹಾಕಿಕೊಂಡು ಓದಿದಳು. "ಅವ್ವ ಕೈ ಎತ್ತುತ್ತಾಳೆ. ಅವ್ವ ಕೇಳುತ್ತಾಳೆ: ನಾನು ತವರಿಗೆ ಹೋಗುವಾಗ ಈ ಕೆಂಪು ಗೆರೆಯನ್ನು ಎಲ್ಲಿ ದಾಟುತ್ತೇನೆ?" ಓದುತ್ತಿದ್ದ ದನಿ ಸಣ್ಣಗಾಯಿತು. ಆ ಬದಿಗೆ ಶಿಕ್ಷಕಿಯ ಕೆಲಸ ಬರೆದಿತ್ತು. "ಅವ್ವನನ್ನು ಹಲಗೆಯ ಹತ್ತಿರ ಕರೆಯುವುದು. ಅವ್ವನ ಕೈಗೆ ಖಡು ಕೊಡುವುದು. ನಿಪ್ಪಾಣಿಯಿಂದ ತವರಿನ ತನಕ ತಾನು ನಡೆದ ಹಾದಿಯನ್ನು ಅವ್ವನಿಂದಲೇ ಬರೆಸುವುದು. ಗೆರೆ ದಾಟಿದ ಜಾಗ ಅವ್ವನೇ ತೋರಿಸುತ್ತಾಳೆ. ಸಮಯ: ಏಳು ನಿಮಿಷ."

ಹನ್ನೆರಡು ವರ್ಷ ಹಲಗೆ ಒರೆಸಿದ್ದಳು ಸುಂದರಾ ಆ ದಿನದವರೆಗೆ, ಆಮೇಲೆ ಮತ್ತೆ ಹದಿನೆಂಟು ವರ್ಷ. ಒಬ್ಬರೂ ಅವಳ ಕೈಗೆ ಖಡು ಕೊಟ್ಟವರಿಲ್ಲ. ಕೊಡಬೇಕೆಂದವಳೊಬ್ಬಳು ಮುಷ್ಟಿಯಲ್ಲಿ ಹಿಡಿದು ನಿಂತಿದ್ದಳು.

"ಮಾವಶಿ," ಅಂದಳು ಸನ್ಮತಿ, "ನಾವೆಲ್ಲಾ ನಿಮ್ಮ ಕೈ ಏಳಬಾರದು ಅಂತ ದೇವರಿಗೆ ಬೇಡಕೊಂಡ ಬರ್ತಿದ್ದಿವಿ. ಆಕಿ ಒಬ್ಬಾಕಿ ಏಳ್ಲಿ ಅಂತ ಬರಕೊಂಡ ಬಂದಿದ್ಲು." ಆಮೇಲೆ ಬೇರೆ ಕಡೆ ಮುಖ ಮಾಡಿ, ತಾನು ಅಂದು ಆಡಿದ ಮಾತು ಆಡಬಾರದಿತ್ತು ಅಂದಳು. ಸುಂದರಾ ವಹಿಯ ಧೂಳನ್ನು ಸೆರಗಿನಿಂದ ಒರೆಸಿ ಚೀಲಕ್ಕೆ ಹಾಕಿದಳು.

ಭಾನುವಾರ ಮುಂಜಾನೆ ಕಾಗವಾಡದ ಬಸ್ಸು ಹಿಡಿದಳು. ಚೀಲದಲ್ಲಿ ನವಿಲಿನ ವಹಿ, ಸೆರಗಿನ ಗಂಟಿನಲ್ಲಿ ಡಬ್ಬಿಯಿಂದ ತೆಗೆದ ಒಂದು ಖಡು. ಭಾನುವಾರವೂ ಬೇದಾಣಿ ಶೆಡ್ಡು ನಡೆದಿತ್ತು. ತಗಡಿನ ಕೆಳಗೆ ನಲವತ್ತು ಹೆಂಗಸರು ಸಾಲಾಗಿ ಕೂತಿದ್ದರು, ಮುಂದೆ ಪ್ಲಾಸ್ಟಿಕ್ಕಿನ ನೀಲಿ ಕ್ರೇಟು. ಹಸಿರು ಕಾಳು ಒಂದು ಕಡೆ, ಕಪ್ಪು ಕಾಳು ಒಂದು ಕಡೆ, ಕಡ್ಡಿ ಒಂದು ಕಡೆ. ಪ್ರಾಜಕ್ತಾ ಅವ್ವನನ್ನು ನೋಡಿ ಸರಿದು ಜಾಗ ಕೊಟ್ಟಳು. ಯಾಕೆ ಬಂದೆ ಅನ್ನಲಿಲ್ಲ, ಉಂಡು ಬಂದೆಯೇನು ಅಂದಳು. ಪಕ್ಕದ ಹೆಂಗಸು ನಿಮ್ಮ ಅವ್ವ ಏನ್ರಿ ಬಾಯಿ ಅಂತ ಕೇಳಿದಳು. ಶೆಡ್ಡಿನಲ್ಲಿ ಇನ್ನೂ ಅವಳಿಗೆ ಬಾಯಿ ಅಂತಲೇ ಅನ್ನುತ್ತಿದ್ದರು, ಮಾಸ್ತರಿಣಿಗೆ ಅನ್ನುವ ಹಾಗೆ.

ಸುಂದರಾಳೂ ಕೂತು ಕಾಳು ಆರಿಸತೊಡಗಿದಳು. ಅರ್ಧ ಕ್ರೇಟು ಮುಗಿಯಿತು. ಆಮೇಲೆ ಅಂಟುಗೈಯನ್ನೇ ಮೆಲ್ಲಗೆ ಮೇಲೆತ್ತಿದಳು. ಭುಜ ನೋಯುತ್ತಿತ್ತು, ಕಿವಿಯ ಮಟ್ಟಕ್ಕೆ ಮಾತ್ರ ಏರಿತು.

"ಪ್ರಾಜಕ್ತಾ, ನಾ ತವರಿಗೆ ಹೋಗುವಾಗ ಆ ಕೆಂಪ ಗೆರಿ ಎಲ್ಲಿ ದಾಟತೀನ?"

ಪ್ರಾಜಕ್ತಾಳ ಬೆರಳು ಕಾಳಿನ ಮೇಲೆ ನಿಂತಿತು. ಅವ್ವನ ಕಡೆ ನೋಡಲಿಲ್ಲ.

"ಆವತ್ತ ತಿಳೀತು ಅಂದಿದ್ದೆಲ್ಲ."

"ಸುಳ್ಳ ಹೇಳಿದ್ನಿ."

"ಗೊತ್ತಿತ್ತು." ಒಂದು ಕಪ್ಪು ಕಾಳು ಎತ್ತಿ ಅದರ ಕಡೆಗೆ ಹಾಕಿದಳು. "ಎಲ್ಲಾರಿಗೂ ಕೈ ಎತ್ತಿದಿ. ನನಗಷ್ಟ ಭಿಕ್ಷಾ ಹಾಕಿದಿ. ಮಗಳಿಗೆ ಉತ್ತರ ಬರೂದಿಲ್ಲ ಅಂತ ತಿಳಕೊಂಡಿ."

ಹಾಗಲ್ಲ ಅನ್ನಬೇಕೆಂದಳು ಸುಂದರಾ. ಅಂದರೆ ಅದೂ ಸುಳ್ಳಾಗುತ್ತಿತ್ತು, ಅನ್ನಲಿಲ್ಲ. ವಹಿ ತೆಗೆದು ಕೊಟ್ಟಳು. ಪ್ರಾಜಕ್ತಾ ನವಿಲನ್ನು ನೋಡಿದಳು, ಕೈ ಅಂಟಾಗಿದೆ, ಅಲ್ಲೇ ಇರಲಿ ಅಂದಳು. ಸೆರಗಿನ ಗಂಟು ಬಿಚ್ಚಿ ಖಡು ಕೊಟ್ಟಾಗ ಮಾತ್ರ ಕೈ ಒರೆಸಿಕೊಂಡು ತೆಗೆದುಕೊಂಡಳು. ಬೆರಳು ತಾವೇ ಮಾಸ್ತರಿಣಿಯ ಹಾಗೆ ಅದನ್ನು ಹಿಡಿದವು. ಬರೆಯಲು ಜಾಗಕ್ಕಾಗಿ ಸುತ್ತ ನೋಡಿದಳು. ಕೆಳಗೆ ತಾಡಪತ್ರಿ, ಮೇಲೆ ತಗಡು. ಖಾಲಿ ಕ್ರೇಟೊಂದನ್ನು ಡಬ್ಬು ಹಾಕಿ ಅದರ ಬೆನ್ನ ಮೇಲೆ ಎಳೆದಳು. ಖಡು ಜಾರಿತು. ಇನ್ನೊಮ್ಮೆ ಒತ್ತಿ ಎಳೆದಳು, ತುದಿ ಮುರಿದು ಬೇದಾಣಿಯಲ್ಲಿ ಬಿತ್ತು.

"ಇದರ ಮ್ಯಾಲ ಮೂಡೂದಿಲ್ಲ ಅವ್ವ," ಅಂದಳು. ಮುರಿದ ಚೂರನ್ನು ಕಾಳಿನಿಂದ ಆರಿಸಿ ತೆಗೆದು, ಎರಡೂ ತುಂಡನ್ನು ಅವ್ವನ ಕೈಗೆ ಹಾಕಿದಳು. ಕೆಲಸ ಮಾಡಿಸುವ ಮುಕಾದಮ ಈ ಕಡೆ ನೋಡುತ್ತಿದ್ದ. ಮತ್ತೆ ಬಾಗಿ ಆರಿಸತೊಡಗಿದಳು. ತುಸು ಹೊತ್ತಿನ ಮೇಲೆ, ಕಾಳಿಗೆ ಹೇಳಿದ ಹಾಗೆ, "ಪಂಚಮಿಗೆ ಬಂದ್ರ ನೋಡೂಣು," ಅಂದಳು.

ಮದುವೆಯಾದ ಎರಡು ವರ್ಷ ಬಂದದ್ದು ಬಿಟ್ಟರೆ ಪ್ರಾಜಕ್ತಾ ಪಂಚಮಿಗೆ ತವರಿಗೆ ಬಂದಿರಲಿಲ್ಲ. ಅದು ಇಬ್ಬರಿಗೂ ಗೊತ್ತಿತ್ತು. ಸುಂದರಾ ಸಂಜೆಯ ಬಸ್ಸಿಗೆ ತಿರುಗಿ ಬಂದಳು.

ಕಾಲೇಜಿಗೆ ಬೇಡವಾದ ಕರಿ ಬೋಗಾಣಿಯಲ್ಲಿ ಒಣಗಿ ಗಟ್ಟಿಯಾಗಿತ್ತು. ಶ್ರಾವಣ ಹಿಡಿದ ದಿನ ತೊಂಡಿ ತಪ್ಪಲ ಹರಿದು ತಂದು, ರಸ ಹಿಂಡಿ, ಮತ್ತೆ ಕಲಸಿ, ಮನೆಯ ಒಳಗೋಡೆಗೆ ತಿಕ್ಕಿದಳು. ಬಾಗಿಲಿನಿಂದ ಒಲೆಯ ತನಕ, ಆಳೆತ್ತರಕ್ಕೆ. ಪಕ್ಕದ ಮನೆಯ ತಾರವ್ವ ಬಂದು ಹೊಸ್ತಿಲಲ್ಲೇ ನಿಂತುಬಿಟ್ಟಳು. "ಹಬ್ಬ ಬಂದಾಗ ಮಂದಿ ಸುಣ್ಣಾ ಹಚ್ಚತಾರ. ನೀ ಕರಿ ಹಚ್ಚೀದಿ. ನೆದರ ಯಾರದ ಬಿದ್ದೈತಿ ನಿನ್ನ ಮನಿಗೆ?" ಅಂದಳು. ಸುಂದರಾ ನಕ್ಕು ಮತ್ತೆ ತಿಕ್ಕತೊಡಗಿದಳು.

ಪಂಚಮಿಗೆ ಉಂಡಿ ಕಟ್ಟಿದಳು. ಎಳ್ಳಿನವು, ಶೇಂಗಾದವು, ಮಗಳಿಗೆ ಸೇರುವ ಜೋಳದ ಅಳ್ಳಿನವು. ಹಾಲು ಎರೆದು ಬಂದು ಬಾಗಿಲಲ್ಲಿ ಕೂತಳು. ಹನ್ನೊಂದರ ಬಸ್ಸು ಬಂತು, ಒಂದೂವರೆಯದು ಬಂತು, ನಾಲ್ಕರದು ಬಂತು. ಓಣಿಯ ಹುಡುಗಿಯರೆಲ್ಲ ಜೋಕಾಲಿ ಆಡುತ್ತಿದ್ದರು. ಸಂಜೆಗೆ ಸಂಭಾಜಿಯ ಫೋನು ಬಂತು. ಶೆಡ್ಡಿಗೆ ಮಾಲು ಬಂದಿದೆ, ಸೂಟಿ ಸಿಗಲಿಲ್ಲ, ಮುಂದೆ ನೋಡೋಣ ಅಂದಿದ್ದಾಳೆ ಅಂತ ಹೇಳಿದ. ಆಕೆ ಹತ್ತಿರ ಇದ್ದಾಳೇನು ಅಂತ ಸುಂದರಾ ಕೇಳಿದಳು. ಇಲ್ಲ ಅಂದ. ಹಿಂದೆ ಬಳೆಯ ಸಪ್ಪಳ ಕೇಳಿಸಿತು.

ಉಂಡಿ ತಾರವ್ವನ ಮೊಮ್ಮಕ್ಕಳಿಗೆ ಕೊಟ್ಟಳು. ಗೋಡೆಗೆ ಸುಣ್ಣ ಹಚ್ಚಿಲ್ಲ. ಖಡುವಿನ ಎರಡು ತುಂಡು ಗೂಡಿನಲ್ಲಿವೆ, ದೀಪದ ಪಕ್ಕದಲ್ಲಿ. ದಿನಾ ಮುಂಜಾನೆ ಎದ್ದು ಮುಖ ತೊಳೆದ ಮೇಲೆ ಸುಂದರಾ ಹಸಿ ಅರಿವೆಯಿಂದ ಆ ಗೋಡೆ ಒರೆಸುತ್ತಾಳೆ, ಮೇಲಿನಿಂದ ಕೆಳಕ್ಕೆ, ಮೂವತ್ತು ವರ್ಷ ಒರೆಸಿದ ಹಾಗೇ. ಅರಿವೆ ಹಿಂಡಿದರೆ ನೀರಿಗೆ ಖಡುವಿನ ಬಿಳುಪು ಬರುವುದಿಲ್ಲ. ಕರೀ ನೀರಷ್ಟೇ ಬರುತ್ತದೆ.